ಇದು ಔಷಧ ಅಲ್ಲ

ಜಿನ್ನಪ್ಪ ಸರ್ ತಮ್ಮ ಕಪಾಟಿನ ಪ್ರತಿ ಬಾಟಲಿಗೂ ಕೆಂಪು ಶಾಯಿಯಲ್ಲಿ ಒಂದೇ ಮಾತು ಬರೆದು ಅಂಟಿಸುತ್ತಿದ್ದರು: ‘ಇದು ಔಷಧ ಅಲ್ಲ.’ ಕ್ಯಾನ್ಸರಿಗೆ ಔಷಧ ಹುಡುಕುವುದರಲ್ಲೇ ಮೂವತ್ತು ವರ್ಷ ಕಳೆದವರ ಕಪಾಟಿನಲ್ಲಿ ಇದನ್ನು ಓದಿ ನಮ್ಮ ಕಾಲೇಜಿನವರು ನಗುತ್ತಿದ್ದರು. ಅವರು ಮಾತ್ರ ನಗುತ್ತಿರಲಿಲ್ಲ.

ಐನಾಪುರದ ದ್ರಾಕ್ಷಿ ತೋಟದ ಜೈನ ಮನೆತನ ಅವರದು. ಪುಣೆಯ ಪ್ರಯೋಗಾಲಯದಿಂದ ನಿವೃತ್ತರಾಗಿ ಬಂದು, ನಾನು ರಸಾಯನಶಾಸ್ತ್ರ ಕಲಿಸುವ ಕಾಲೇಜಿನಲ್ಲಿ ಒಂದು ಮೂಲೆ ಕೇಳಿ ಪಡೆದಿದ್ದರು. ಎಂಥ ಪ್ರಯೋಗ ನಡೆದಿದ್ದರೂ ಹೊತ್ತು ಮುಳುಗುವುದರೊಳಗೆ ಉರಿ ಆರಿಸಿ, ಮೂರು ಸಲ ಕೈ ತೊಳೆದು, ಊಟದ ಡಬ್ಬಿ ಬಿಚ್ಚುತ್ತಿದ್ದರು. “ನಮ್ಮವ್ವ ಹುಳ ಸಾಯಬಾರದಂತ ನೀರು ಸೋಸತಿದ್ಲು. ಮಗ ನೋಡ್ರಿ, ಪಗಾರ ತಗೊಂಡು ಜೀವಕೋಶ ಕೊಂದ” ಎನ್ನುವರು.

ಡಿಎನ್ಎ ಕಲಿಸಲು ಅವರ ಜೇಬಿನಲ್ಲಿ ಎರಡೆಳೆಯ ಹಗ್ಗದ ತುಂಡೊಂದು ಸದಾ ಇರುತ್ತಿತ್ತು. “ಜೀವಕೋಶ ಒಂದಿದ್ದದ್ದು ಎರಡಾಗಬೇಕಾದ್ರ ಮದಲ ಈ ಹುರಿ ಬಿಚ್ಚಬೇಕು. ನಾವು ನಡುವ ಒಂದು ಕಡ್ಡಿ ತುರಕತೀವಿ. ಹುರಿ ಬಿಚ್ಚೂದಿಲ್ಲ, ಕ್ಯಾನ್ಸರ್ ಗಂಟು ಬೆಳಿಯೂದಿಲ್ಲ.” ಆಮೇಲೆ ದನಿ ತಗ್ಗುತ್ತಿತ್ತು. “ಖರೆ, ಚಲೋ ಜೀವಕೋಶದಾಗೂ ಇದ ಹಗ್ಗ ಐತಿ. ಇದು ಯಾರ ಹಗ್ಗ ಅನ್ನೂದು ಕಡ್ಡಿಗೆ ತಿಳಿಯೂದಿಲ್ಲ. ಅದಕ್ಕ ತಿಳಿಸಿ ಹೇಳೂದ್ರಾಗ ನನ್ನ ಜನ್ಮ ಹೋತು.” ಅವರು ಕಟ್ಟಿದ ನೂರಾರು ಅಣುಗಳಲ್ಲಿ ಒಂದೂ ರೋಗಿಯವರೆಗೆ ಮುಟ್ಟಲಿಲ್ಲ.

ಪ್ರಯೋಗಾಲಯ ಗುಡಿಸುವ ಶಾಂತವ್ವನ ಗಂಡ ಮಲ್ಲಪ್ಪ ದ್ರಾಕ್ಷಿ ತೋಟಗಳಲ್ಲಿ ಬೆನ್ನಿಗೆ ಸಿಂಪಡಿಸುವ ಪಂಪು ಕಟ್ಟಿಕೊಂಡು ದುಡಿದವನು. ಅವನಿಗೆ ಬಾಯಿಯ ಕ್ಯಾನ್ಸರ್. ಮಿರಜಿನ ಆಸ್ಪತ್ರೆಗೆ ಹೋಗಿ ಬಂದು ಗಂಡ ಹೆಂಡತಿ ಹೈರಾಣಾಗಿದ್ದರು. “ಸರ್ ಏನ ಮಾಡಾಕತ್ತಾರ್ರಿ?” ಎಂದು ಅವಳು ಕೇಳಿದಾಗ ನಾನು ದೊಡ್ಡಸ್ತಿಕೆಯಿಂದ, “ಎಲ್ಲಾ ಕ್ಯಾನ್ಸರ್ ಸಲುವಾಗೇ” ಅಂದುಬಿಟ್ಟಿದ್ದೆ.

ಆ ಶನಿವಾರ ಕಪಾಟಿಗೆ ಕೀಲಿ ಹಾಕುವುದನ್ನು ಮರೆತವಳೂ ನಾನೇ. ಊಟ ಮುಗಿಸಿ ಬಂದರೆ ಮಲ್ಲಪ್ಪ ಮೆಟ್ಟಿಲ ಮೇಲೆ ಕೂತಿದ್ದಾನೆ, ಕೆನ್ನೆಗೆ ಟವೆಲ್. ಶಾಂತವ್ವನ ಕೈಯಲ್ಲಿ ಸ್ಟೀಲಿನ ಲೋಟ. ಒಳಗೆ ಕಿತ್ತಳೆ ಬಣ್ಣದ ನೀರು. ಕಪಾಟಿನ ಬಾಟಲಿಯ ಆ ಬಣ್ಣ ನನಗೆ ಗೊತ್ತಿತ್ತು.

“ಶಾಂತವ್ವಾ, ಏನದು?”

“ಅಂಜಬ್ಯಾಡ್ರಿ ಮೇಡಂ, ಔಷಧ ಅಲ್ಲ. ಸರ್ ಬರದಾರಲ್ರಿ.”

ಲೋಟ ಅವನ ತುಟಿಗೆ ಹತ್ತಿತ್ತು. ನಾನು ಬೀಸಿ ಹೊಡೆದೆ. ಅದು ಮೆಟ್ಟಿಲಿಂದ ಮೆಟ್ಟಿಲಿಗೆ ಬಿದ್ದ ಸದ್ದು ಈಗಲೂ ನನಗೆ ಕೇಳುತ್ತದೆ. ಒಂದು ಗಳಿಗೆ ತಡವಾಗಿದ್ದರೆ ಎಂದು ಲೆಕ್ಕವಿಲ್ಲದಷ್ಟು ಸಲ ಮನಸ್ಸಿನಲ್ಲೇ ಮತ್ತೆ ಆ ಮೆಟ್ಟಿಲ ಹತ್ತಿರ ಬರುತ್ತೇನೆ.

ಸರ್ ಓಡಿಬಂದರು. ಕೈಗವಸು ಹಾಕಿ ತಾವೇ ಮಲ್ಲಪ್ಪನ ಬಾಯಿ ತೊಳೆಸಿದರು, ಗುಟುಕು ಒಳಗೆ ಹೋಗಿಲ್ಲವೆಂದು ಮೂರು ಸಲ ಕೇಳಿದರು. ಆಮೇಲೆ ಶಾಂತವ್ವನ ಕಡೆ ತಿರುಗಿದರು. “ಚೀಟಿ ಓದಲಿಲ್ಲೇನವಾ?”

“ಓದೇ ತಗೊಂಡೇನ್ರಿ!” ಅವಳು ಅಳತೊಡಗಿದಳು. “ಔಷಧ ಕುಡದ್ರ ಮನಷ್ಯಾ ಸಾಯ್ತಾನ ಅನ್ನೂದು ನನಗ ಗೊತ್ತಿಲ್ಲೇನ್ರಿ? ಜನಮೆಲ್ಲಾ ಔಷಧ ಹೊಡದಾಂವ್ರಿ ಇಂವ. ಇದು ಔಷಧ ಅಲ್ಲ ಅಂತ ಇತ್ತು, ಅದಕ್ಕ ಧೈರ್ಯಾ ಮಾಡಿದ್ನಿ.”

ನಮ್ಮ ಕಡೆ ಔಷಧವೆಂದರೆ ಬೆಳೆಗೆ ಹೊಡೆಯುವ ವಿಷ. ರೋಗಿ ತಗೊಳ್ಳುವುದು ಗುಳಗಿ. ‘ಔಷಧ ಕುಡದಾನ’ ಎಂದರೆ ಓಣಿಯೇ ಎದೆ ಬಡಿದುಕೊಂಡು ಓಡುತ್ತದೆ.

ಸರ್ ನೆಲದ ಮೇಲೇ ಕೂತರು. “ಪುಣೆದಾಗ ಇದನ್ನ ಇಂಗ್ಲಿಷಿನ್ಯಾಗ ಬರೀತಿದ್ನಿ, ಯಾರೂ ತಪ್ಪ ತಿಳೀಲಿಲ್ಲ. ಊರಿಗೆ ಬಂದು ಕನ್ನಡದಾಗ ಬರದೆ. ದ್ರಾಕ್ಷಿ ತೋಟದಾಗ ಹುಟ್ಟಿದಾಂವ ನಾನು. ನಮ್ಮ ಮನಿ ಮಾತು ನನಗ ಮರತಿತ್ತು.” ಕೆಂಪು ಶಾಯಿಯ ಪೆನ್ನು ತೆಗೆದು ಕೇಳಿದರು: “ಏನಂತ ಬರೀಲೆವಾ?”

“ವಿಷ ಐತಿ ಅನ್ರಿ, ಸಾಕು.”

ಅಂದು ಅವರು ಡಬ್ಬಿ ಬಿಚ್ಚುವ ಮೊದಲೇ ಹೊತ್ತು ಮುಳುಗಿತು. ಉಪವಾಸವೇ ಕೂತು ಚೀಟಿಗಳನ್ನು ಬದಲಿಸಿದರು. ಮುಂದೆ ಮಲ್ಲಪ್ಪನ ಪ್ರತಿ ಮಿರಜ ಚಿಕಿತ್ಸೆಗೂ ಜೊತೆಗೆ ಹೋದರು, ಅವನು ಕಣ್ಣು ಮುಚ್ಚುವವರೆಗೆ.

ಕಳೆದ ಬೇಸಿಗೆಯಲ್ಲಿ ಸರ್ ಕೂಡ ಹೋದರು, ನಿದ್ದೆಯಲ್ಲೇ. ಕಪಾಟು ಖಾಲಿ ಮಾಡುವಾಗ ಶಾಂತವ್ವ ಒಂದೊಂದೇ ಚೀಟಿಯನ್ನು ಗಟ್ಟಿಯಾಗಿ ಓದಿ ಬಾಟಲಿಯನ್ನು ನನ್ನ ಕೈಗೆ ಕೊಡುತ್ತಿದ್ದಳು. “ವಿಷ ಐತಿ. ವಿಷ ಐತಿ.” ಕಡೆಯದು ತೊಳೆದಿಟ್ಟ ಬರಿ ಬಾಟಲಿ. ಅದರ ಮೇಲೆ ಮಾತ್ರ ಹಳೆಯ ಚೀಟಿಯನ್ನೇ ಅವರು ಉಳಿಸಿಕೊಂಡಿದ್ದರು. ಶಾಂತವ್ವ ಅದನ್ನು ಓದಲಿಲ್ಲ. ಬೆಳಕಿಗೆ ಹಿಡಿದು ನೋಡಿದಳು. ಏನೂ ಇಲ್ಲದ ಆ ಬಾಟಲಿಯ ಮುಚ್ಚಳವನ್ನು ಇನ್ನೊಮ್ಮೆ ಬಿಗಿಯಾಗಿ ತಿರುವಿದಳು.