ಸುವಾರ್ತಮ್ಮ ಅಕ್ಕೋರ ನಾಮಪತ್ರ

ಕೇರಿಯ ಚರ್ಚಿನಲ್ಲಿ ಭಾನುವಾರದ ಪ್ರಾರ್ಥನೆ ಮುಗಿಸಿ ಸುವಾರ್ತಮ್ಮ ಅಕ್ಕೋರು ‘ಆಮೆನ್’ ಅಂದ ಮೇಲೆ ಯಾರೂ ಎದ್ದು ಹೋಗುತ್ತಿರಲಿಲ್ಲ. ಅಲ್ಲಿಯವರೆಗೆ ಹೊರಗೆ ಬೇವಿನ ಕೆಳಗೆ ಕುಳಿತಿದ್ದ, ಹುಲಿಗೆಮ್ಮ ದೇವಿಗೆ ನಡೆದುಕೊಳ್ಳುವ ನಮ್ಮಂಥವರೂ ಆಗ ಒಳಗೆ ಬಂದು ಕೂರುತ್ತಿದ್ದೆವು. ಅಕ್ಕೋರು ಬೈಬಲನ್ನು ಚೀಲಕ್ಕಿಟ್ಟು, ಅದೇ ಚೀಲದಿಂದ ಸರ್ಕಾರಿ ಕಾಗದಗಳನ್ನು ತೆಗೆಯುತ್ತಿದ್ದರು. ವಿಧವಾ ವೇತನಕ್ಕೆ ಅರ್ಜಿ ಹೇಗೆ ಹಾಕಬೇಕು, ರೇಷನ್ನಿನಲ್ಲಿ ಎಷ್ಟು ಸೀಮೆಎಣ್ಣೆ ಬರಬೇಕು, ಭತ್ತದ ನಾಟಿಗೆ ಹೋದ ಹೆಂಗಸರಿಗೆ ಏನು ಕೂಲಿ, ಎಲ್ಲವನ್ನೂ ಬೈಬಲಿನ ವಾಕ್ಯ ಓದಿದ ದನಿಯಲ್ಲೇ ಓದಿ ಹೇಳುತ್ತಿದ್ದರು.

ಜವಳಗೇರಾ ಕಡೆಯ ನಮ್ಮ ಊರಿನ ಕೇರಿಯಲ್ಲೇ ಹುಟ್ಟಿದವರು ಅವರು. ಲಿಂಗಸುಗೂರಿನಲ್ಲಿ ಮಿಶನ್ ಹಾಸ್ಟೆಲಿನಲ್ಲಿದ್ದು ಓದಿ, ಅಲ್ಲೇ ದೀಕ್ಷಾಸ್ನಾನ ಪಡೆದು, ಕೇರಿಯ ಮಿಶನ್ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಅಕ್ಕೋರಾಗಿ ಹಿಂದಿರುಗಿದ್ದರು. ಮದುವೆಯಾಗಲಿಲ್ಲ. ಬಿಳಿ ಸೀರೆ, ಎಡಗೈಗೆ ಗಂಡಸರ ಗಡಿಯಾರ. ಯಾರಾದರೂ ಹೆಬ್ಬೆಟ್ಟು ಒತ್ತಲು ಹೋದರೆ ಕೈಯನ್ನೇ ಹಿಡಿದುಬಿಡುತ್ತಿದ್ದರು. “ಹೆಸರಿಟ್ಟಾರಿಲ್ಲ ನಿನಗ? ಬರಿ ಅದನ್ನ,” ಎನ್ನುತ್ತಿದ್ದರು. ನನ್ನವ್ವ ಹಾಗೆ ಸಹಿ ಕಲಿತಳು.

ನನಗೂ ದೇವಿಯ ಹೆಸರೇ, ಹುಲಿಗೆಮ್ಮ. ಆರು ವರ್ಷದವಳಿದ್ದಾಗ ಜ್ವರ ಬಂದು ಸಾಯುವಂತಾಗಿದ್ದೆನಂತೆ. ಬದುಕಿದರೆ ಮುತ್ತು ಕಟ್ಟಿ ದೇವದಾಸಿಯಾಗಿ ದೇವಿಗೆ ಬಿಡುತ್ತೇನೆಂದು ಅಜ್ಜಿ ಹರಕೆ ಹೊತ್ತಳು. ನಾನು ಬದುಕಿದೆ. ಸುದ್ದಿ ತಿಳಿದ ಅಕ್ಕೋರು ಬೆಳಿಗ್ಗೆಯೇ ಬಂದು ನಮ್ಮ ಬಾಗಿಲ ಕಲ್ಲಿನ ಮೇಲೆ ಕುಳಿತರು. ಅಜ್ಜಿ ಬೈದಳು, ಅತ್ತಳು, ದೇವಿ ಸುಮ್ಮನಿರುವುದಿಲ್ಲ ಎಂದಳು. ಅಕ್ಕೋರು ದೇವಿಯ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. “ಆಕಿ ಸಿಟ್ಟು ನನ್ನ ಮ್ಯಾಲೆ ಬರ್ಲಿ ಯಮ್ಮಾ, ಹುಡುಗಿ ನನ್ನ ಸಾಲಿಗೆ ಬರ್ಲಿ,” ಎಂದು ಅಲ್ಲೇ ಕುಳಿತರು. ಎರಡನೆಯ ದಿನ ಅಜ್ಜಿ ಸೋತಳು. ನಾನು ಸ್ಲೇಟು ಹಿಡಿದು ಅವರ ಹಿಂದೆ ಹೋದೆ. ನನ್ನ ಅಕ್ಷರ ಇಡೀ ಶಾಲೆಯಲ್ಲೇ ಎಲ್ಲರಿಗಿಂತ ದುಂಡಗಾಯಿತು.

ತೊಂಬತ್ತರ ದಶಕದಲ್ಲಿ ಪಂಚಾಯ್ತಿ ಚುನಾವಣೆ ಬಂದಾಗ ನಮ್ಮ ಕೇರಿಯ ಸ್ಥಾನ ಪರಿಶಿಷ್ಟ ಜಾತಿಯ ಹೆಂಗಸಿಗೆ ಮೀಸಲಾಯಿತು. ಕೇರಿಯವರೆಲ್ಲ ಅಕ್ಕೋರನ್ನು ನಿಲ್ಲಿಸಿದರು. ಕ್ರೈಸ್ತರಾದವರಿಗೆ ಆ ಮೀಸಲಾತಿ ಸಿಗುವುದಿಲ್ಲವಲ್ಲ ಎಂದು ಯಾರೋ ಅನುಮಾನಿಸಿದರು. ಆದರೆ ಅವರ ಹಳೆಯ ಪ್ರಮಾಣಪತ್ರದಲ್ಲಿ ಹುಟ್ಟಿದ ಜಾತಿಯೇ ಇತ್ತು. “ಫಾರಮಿನ್ಯಾಗ ಜಾತಿ ಕೇಳ್ಯಾರ, ಬರದೀನಿ. ದೇವರು ಯಾರಂತ ಕೇಳಿಲ್ಲ,” ಎಂದರು ಅಕ್ಕೋರು.

ಊರ ಸಾವಕಾರನಿಗೆ ಇದು ಹಿಡಿಸಲಿಲ್ಲ. ಅವನು ನಮ್ಮ ಚಿಗವ್ವನಿಂದ ನಾಮಪತ್ರ ಹಾಕಿಸಿದ. ಅವನ ಟ್ರಾಕ್ಟರ್ ಓಡಿಸುತ್ತಿದ್ದ ಅಪ್ಪ ಒಂದು ಸಂಜೆ ಬಿಳಿ ಹಾಳೆ ತಂದು ನನ್ನ ಮುಂದಿಟ್ಟು, ಅಕ್ಕೋರ ಮೇಲೆ ತಕರಾರು ಅರ್ಜಿ ಬರೆಯಬೇಕೆಂದ. ಅಣ್ಣನಿಗೆ ಸಾವಕಾರನ ಅಕ್ಕಿ ಮಿಲ್ಲಿನಲ್ಲಿ ಕೆಲಸವಾಗುವುದಿತ್ತು. ನಾನು ಹಾಳೆಯನ್ನು ಅಪ್ಪನ ಕಡೆಗೇ ಸರಿಸಿದೆ.

“ಸುಳ್ಳು ಬರಿ ಅನ್ನಾಕತ್ತಿಲ್ಲ ನಿನಗ,” ಎಂದ ಅಪ್ಪ. “ಆಕಿ ಚರ್ಚಿಗೆ ಹೋಗೂದು ಊರಿಗೇ ಗೊತ್ತೈತಿ. ಇದ್ದದ್ದು ಬರಿ.”

ಇದ್ದದ್ದನ್ನು ಬರೆದೆ. ಬರೆಯುವಾಗ ನನಗೆ ಅಳು ಬರಲಿಲ್ಲ. ಅಧಿಕಾರಿಗಳು ನೋಡುತ್ತಾರೆ, ಅಕ್ಷರ ಚೆನ್ನಾಗಿ ಬೀಳಲಿ ಎಂದು ನಿಧಾನವಾಗಿ ಬರೆದೆ.

ನಾಮಪತ್ರ ಪರಿಶೀಲನೆಯ ದಿನ ಸಿಂಧನೂರಿನ ಕಚೇರಿಯಲ್ಲಿ ಅಪ್ಪನ ಹಿಂದೆ ನಾನೂ ನಿಂತಿದ್ದೆ. ಅಧಿಕಾರಿ ಒಳ್ಳೆಯವನು. ಪ್ರಮಾಣಪತ್ರ ಸರಿಯಾಗಿದೆ, ‘ನಾನು ಹಿಂದೂ’ ಎಂದು ನೀವು ಒಂದು ಮಾತು ಹೇಳಿದರೆ ತಕರಾರು ತಳ್ಳಿಹಾಕುತ್ತೇನೆ ಎಂದು ಅರ್ಜಿಯನ್ನು ಅಕ್ಕೋರ ಕೈಗೆ ಕೊಟ್ಟ. ಹೇಳಿಬಿಡಿ ಎಂದು ಕೇರಿಯವರು ಸನ್ನೆ ಮಾಡುತ್ತಿದ್ದರು. ಅಕ್ಕೋರು ಅರ್ಜಿಯನ್ನು ಕೊನೆಯತನಕ ಓದಿದರು. ಮತ್ತೆ ಮೊದಲಿನಿಂದ ನೋಡಿದರು, ಈ ಸಲ ಓದಲಿಲ್ಲ, ಬರೀ ಅಕ್ಷರ ನೋಡಿದರು. ನನ್ನ ಕಡೆ ತಿರುಗಲಿಲ್ಲ.

“ಸಾಹೇಬ್ರ, ನಮ್ಮವ್ವಗ ಊರ ಬಾವಿ ಮುಟ್ಟಗೊಡಲಿಲ್ಲ, ಅದು ಖರೆ. ನಾ ಯೇಸುನ್ನ ನಂಬೀನಿ, ಅದೂ ಖರೆ. ಎರಡರಾಗ ಒಂದು ಬಿಡಂದ್ರ ಬಿಡಾಕ ಬರೂದಿಲ್ಲ ನನಗ.”

ನಾಮಪತ್ರ ತಿರಸ್ಕೃತವಾಯಿತು. ಚಿಗವ್ವ ಅವಿರೋಧವಾಗಿ ಆಯ್ಕೆಯಾದಳು. ಪಂಚಾಯ್ತಿ ನಡೆಸಿದವನು ಸಾವಕಾರ. ಕೇರಿಯವರ ಸಿಟ್ಟು ತಿರುಗಿದ್ದು ಅಕ್ಕೋರ ಮೇಲೆ. ಒಂದು ಮಾತು ಸುಳ್ಳು ಹೇಳಿದ್ದರೆ ಗಂಟೇನು ಹೋಗುತ್ತಿತ್ತು ಎಂದರು. ಅವರ ಚರ್ಚಿನ ಸಭೆಯ ಹಿರಿಯರು ಬೇರೆಯದೇ ತಪ್ಪು ಹಿಡಿದರು: ಇಷ್ಟು ವರ್ಷ ಕಾಗದದಲ್ಲಿ ಹಿಂದೂ ಆಗಿಯೇ ಉಳಿದಿದ್ದಿರಲ್ಲ ಎಂದು ಶಾಲೆ ಬಿಡಿಸಿದರು. ಅಕ್ಕೋರು ಮಸ್ಕಿಯಲ್ಲಿದ್ದ ತಂಗಿಯ ಮನೆ ಸೇರಿದರು. ಅವರು ಬಸ್ ಹತ್ತಿದ ದಿನ ನಾನು ಮನೆಯಿಂದ ಹೊರಗೇ ಬರಲಿಲ್ಲ.

ನಾಲ್ಕು ವರ್ಷದ ಮೇಲೆ, ಸಿಂಧನೂರಿನಲ್ಲಿ ಗುಮಾಸ್ತೆಯಾಗಿದ್ದಾಗ, ಮಸ್ಕಿಗೆ ಹೋದೆ. ಜಗಲಿಯ ಮೇಲೆ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದರು. ತುಂಬ ಇಳಿದುಹೋಗಿದ್ದರು. ಚಹಾ ಕೊಟ್ಟರು, ಅವ್ವನನ್ನು ವಿಚಾರಿಸಿದರು. ಆ ಅರ್ಜಿ ಬರೆದವಳು ನಾನೇ ಎಂದು ಕೊನೆಗೆ ಹೇಳಿದೆ.

“ಗೊತ್ತೈತಿ,” ಎಂದರು. “ಬರದದ್ದಕ್ಕ ಅಷ್ಟು ಕೆಟ್ಟನಿಸಲಿಲ್ಲ ನನಗ. ಮರುದಿನ ಬರ್ತಿ ಅಂತ ಬಾಗಿಲ ತೆರದು ಕುಂತಿದ್ದೆ.”

ಕಾಲು ಹಿಡಿಯಲು ಬಗ್ಗಿದೆ. ತಡೆದರು. ಅವರು ಯಾರನ್ನಾದರೂ ಕ್ಷಮಿಸುತ್ತಾರೆ ಎಂಬ ಧೈರ್ಯದಿಂದಲೇ ಅಲ್ಲಿಗೆ ಹೋಗಿದ್ದೆ ಎಂದು ಆಗ ನನಗೆ ಗೊತ್ತಾಯಿತು.

“ನಿನ್ನ ಕ್ಷಮಿಸೂ ಹಂಗ ಮಾಡು ಅಂತ ದಿನಾ ಬೇಡ್ಕೊಳ್ತೀನಿ ಹುಲಿಗೆಮ್ಮ,” ಎಂದರು ಮೆಲ್ಲಗೆ. “ಇನ್ನಾ ಆಗವಲ್ದು. ಆದ ದಿನ ಕಾಗದ ಬರೀತೀನಿ.”

ವಿಳಾಸ ಬರೆದುಕೊಟ್ಟು ಬಂದೆ. ಆಮೇಲೆ ಸಿಂಧನೂರಿನಲ್ಲಿ ಎರಡು ಸಲ ಬಾಡಿಗೆ ಮನೆ ಬದಲಿಸಿದೆ. ಎರಡು ಸಲವೂ ಪೋಸ್ಟ್‌ಮನ್ನನಿಗೆ ಹೊಸ ಮನೆ ತೋರಿಸಿದೆ. ಮೂರನೆಯ ವರ್ಷ ಮಸ್ಕಿಯಿಂದ ಅವರ ತಂಗಿಯ ಕಾರ್ಡು ಬಂತು. ಅಕ್ಕೋರು ತೀರಿಕೊಂಡು ತಿಂಗಳಾಗಿತ್ತು. ನನಗೆಂದು ಏನಾದರೂ ಬರೆದಿಟ್ಟಿದ್ದರೇ ಎಂದು ಕೇಳಿ ಉತ್ತರ ಬರೆದೆ. ಏನೂ ಇಲ್ಲ ಎಂದು ತಂಗಿ ತಿಳಿಸಿದರು.