ನೀಲಿ ಅಂಚಿನ ಮಗ್ಗು

ಹೊನ್ನಾವರದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಅಂಗಡಿ. ಹಳೆ ಸೀರೆಯ ಚೀಲ, ಬಿಸ್ಕತ್ತಿನ ಡಬ್ಬಿಯಲ್ಲಿ ಕೂರಿಸಿದ ಗಡಿಯಾರ, ರೇಡಿಯೋಕ್ಕೆ ಹೊದೆಸುತ್ತಿದ್ದ ಕಸೂತಿ ಬಟ್ಟೆ. ಜನ ಬೇಡವೆಂದು ಎಸೆದದ್ದನ್ನು ಚಂದ ಮಾಡಿ ಅವರಿಗೇ ಮಾರುವ ಉದ್ಯೋಗ. ಗೋಕರ್ಣಕ್ಕೆ ಹೋಗುವ ಕಾರಿನವರು ಇಳಿದು ಬಂದು ‘ರೆಟ್ರೋ, ರೆಟ್ರೋ’ ಎಂದು ಬಾಯಿ ಬಿಡುತ್ತಾರೆ. ಬಿಡಲಿ, ನನ್ನ ಗಂಟೇನು ಹೋಗಬೇಕು!

ಚೀಲ ಹೊಲಿಯುವವಳು ಗೇರುಸೊಪ್ಪ ರಸ್ತೆಯ ನಮ್ಮೂರಿನವಳೇ. ಅವಳ ತಾಯಿ ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದಳು. ಹರಿದ ಇಳಕಲ್ ಸೀರೆ ಕೊಟ್ಟರೂ ಹರಿದ ಜಾಗವನ್ನೇ ಹೂವು ಮಾಡಿಬಿಡುವ ಕೈ ಇವಳದು. ಅಂಗಡಿ ನಿಂತಿರುವುದೇ ಇವಳ ಮೇಲೆ. ಅದನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ ನಾನು. ಹೇಳಿದರೆ ತಲೆಮೇಲೆ ಕೂರುತ್ತಾಳೆ ಎಂಬ ಹೆದರಿಕೆ.

ಈ ವರ್ಷ ಮಳೆ ಬಿಟ್ಟ ಮೇಲೆ ತವರಿನಿಂದ ನಾಲ್ಕು ಎನಾಮಲ್ ಮಗ್ಗು ತಂದೆ. ಬಿಳಿ ಮೈ, ನೀಲಿ ಅಂಚು, ಅಲ್ಲಲ್ಲಿ ಬಣ್ಣ ಎದ್ದು ಕಪ್ಪಾದ ಕಲೆ. ಅಮ್ಮ ನೋಡಿ ಮುಖ ಸಿಂಡರಿಸಿದಳು. “ಅದು ಎಂತಕ್ಕೆ ನಿಂಗೆ? ಒಳಗೆ ತರಡ ಅದ್ನ,” ಎಂದು ಜಗಲಿಯಲ್ಲೇ ತಡೆದಳು. ಏಕೆಂದು ನನಗೆ ಗೊತ್ತಿರಲಿಲ್ಲ ಎಂದರೆ ಶುದ್ಧ ಸುಳ್ಳು. ಕೆಲಸದವರ ಚಹಾಕ್ಕೆಂದು ಕೊಟ್ಟಿಗೆಯ ಗೋಡೆಯ ಮೇಲೆ ಇರುತ್ತಿದ್ದ ಮಗ್ಗುಗಳು ಅವು. ಅದೆಲ್ಲ ಮುಗಿದ ಕಾಲ, ಈಗ ಚಂದ ಒಂದೇ ಉಳಿದಿದೆ ಎಂದುಕೊಂಡು ಬಾಗಿಲಿನ ಎದುರಿನ ಹಲಗೆಯ ಮೇಲೆ ಸಾಲಾಗಿ ಇಟ್ಟೆ.

ಹೊಲಿಯುವವಳು ಎರಡು ದಿನ ಹಲಗೆಗೆ ಬೆನ್ನು ಹಾಕಿ ಹೊಲಿದಳು. ಮೂರನೆಯ ದಿನ ಮಿಷಿನ್ ನಿಲ್ಲಿಸಿದಳು.

“ಅಕ್ಕಾ, ಆಯ್ತಾರ ಅವ್ವಿ ಬತ್ತದೆ. ನಾ ಎಲ್ಲಿ ಕೂತ್ಕಂಡು ಕೆಲಸ ಮಾಡ್ತೆ ಅಂತ ನೋಡೂಕೆ. ಅದೊಂದು ದಿನ ಆ ಮಗ್ಗು ಒಳಗಿಡಿ.”

“ಎಂತಕ್ಕೆ?”

“ಇಲ್ಲಾದ್ರೂ ಅವ್ವಿ ಕುರ್ಚಿ ಮೇಲೆ ಕೂತ್ಕಂಡು, ಎಲ್ಲರ ಹಾಂಗೆ ಚಾ ಕುಡೀಲಿ ಅಂತ. ಅಷ್ಟೇಯ.”

ಅವಳು ಕೇಳಿದ್ದು ಅಷ್ಟೇ. ಆತು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಅಂಗಡಿಯಲ್ಲಿ ಏನು ಎಲ್ಲಿರಬೇಕೆಂದು ಇವಳು ಹೇಳುವುದೇ ಎಂದು ಮೈ ಉರಿಯಿತು.

“ನಿನ್ನ ಅವ್ವಿ ಕುಡಿದ ಮಗ್ಗು ಅಂತ ಚೀಟಿ ಬರ್ದೇ ಇಡ್ತೆ ತಡೆ. ಇನ್ನೂ ಬೇಗ ಖರ್ಚಾಗ್ತದೆ.”

ತಮಾಷೆಗೆ ಅಂದೆ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ತಮಾಷೆ ಅಲ್ಲ, ನೋಯಿಸಲಿಕ್ಕೇ ಅಂದದ್ದು. ಅವಳು ಸೂಜಿಗೆ ದಾರ ಪೋಣಿಸುತ್ತ ಕೂತಳು.

ಭಾನುವಾರ ತಾಯಿ ಬಂದಳು. ಇಸ್ತ್ರಿ ಮಾಡಿದ ಸೀರೆ, ತಲೆಯಲ್ಲಿ ಅಬ್ಬಲಿಗೆ. ಮಗಳು ಕೈ ಹಿಡಿದು ಒಳಗೆ ಕರೆತಂದು ಕುರ್ಚಿಯ ಮೇಲೆ ಕೂರಿಸಿದಳು. ತಾನು ಹೊಲಿದ ಚೀಲಗಳನ್ನು ಒಂದೊಂದಾಗಿ ತಾಯಿಯ ತೊಡೆಯ ಮೇಲಿಟ್ಟಳು. ಮುದುಕಿ ಹೊಲಿಗೆಯ ಮೇಲೆ ಬೆರಳಾಡಿಸಿ ನಕ್ಕಳು. ಆಗ ನನಗೂ ಸ್ವಲ್ಪ ನಾಚಿಕೆಯಾಯಿತು. ಹೊಸ ಗಾಜಿನ ಲೋಟಗಳನ್ನು ತೊಳೆದಿಟ್ಟು ಚಹಾದ ಪಾತ್ರೆ ತಂದೆ.

ಅಷ್ಟರಲ್ಲಿ ಮುದುಕಿಯ ಕಣ್ಣು ಹಲಗೆಯ ಮೇಲೆ ಬಿತ್ತು.

“ಅಯ್ಯ, ನಂದು ಇಲ್ಲೇ ಇದ್ಯಲಾ!” ಕಿವಿ ಸೊಟ್ಟಗಾದ ಮಗ್ಗು ತೆಗೆದುಕೊಂಡಳು. ಅವಳೇ ಎದ್ದು ಹೊಸಿಲು ದಾಟಿ, ಕೆಳಗಿನ ಮೆಟ್ಟಿಲಿಗೆ ಇಳಿದು ನಿಂತು, ಎರಡೂ ಕೈಯಲ್ಲಿ ಮಗ್ಗನ್ನು ಮುಂದೆ ಹಿಡಿದಳು. “ಹಾಕಿ ಒಡತಿ.”

ಒಳಗೆ ಬಾ ಎನ್ನಬೇಕಿತ್ತು. ನನ್ನ ಕೈ ತಾನಾಗಿ ಮೇಲೆ ಹೋಯಿತು. ಪಾತ್ರೆ ಮಗ್ಗಿಗೆ ತಾಗದಂತೆ, ಒಂದು ಮೊಳ ಮೇಲಿನಿಂದ, ನೂಲು ಹಿಡಿದ ಹಾಗೆ ಚಹಾ ಹೊಯ್ದೆ.

“ನಿಮ್ಮ ಅಮ್ಮನೋರ ಕೈಯೇ ನಿಮ್ದು,” ಮುದುಕಿ ಮನಸಾರೆ ಮೆಚ್ಚಿದಳು. “ಒಂದು ಹನಿ ಚೆಲ್ಲೂಕಿಲ್ಲ.”

ಬೆನ್ನ ಹಿಂದೆ ಮಗಳು ಮಿಷಿನ್‌ಗೆ ಮುಚ್ಚಳ ಹಾಕಿದಳು. ತಾಯಿ ಕುಡಿದು ಮುಗಿಸುತ್ತಲೇ ಹೊರಗೆ ಬಂದು, “ಅವ್ವಿ, ಅದ್ನ ತೊಳೂದು ಬ್ಯಾಡ, ಬಾ,” ಎಂದಳು. ಮುದುಕಿ ಕೇಳಲಿಲ್ಲ. ನಲ್ಲಿಯಲ್ಲಿ ತೊಳೆದು, ಮೆಟ್ಟಿಲ ಮೇಲೆ ಬೋರಲು ಹಾಕಿ, ನನಗೆ ಕೈಮುಗಿದಳು. ಮಗಳು ನನ್ನ ಮುಖ ನೋಡದೆ ತಾಯಿಯ ರಟ್ಟೆ ಹಿಡಿದು ನಡೆದಳು. ಮತ್ತೆ ಬರಲಿಲ್ಲ.