ಎರಡು ಸೀಟು, ಒಂದು ಸಹಿ

ಆ ಮನೆಯಲ್ಲಿ ಏಟು ತಿನ್ನುವುದಕ್ಕೂ ಪಾಳಿ ಇತ್ತು. ಸೋಮವಾರ, ಬುಧವಾರ, ಶುಕ್ರವಾರ ಅಣ್ಣನದು. ಮಂಗಳವಾರ, ಗುರುವಾರ, ಶನಿವಾರ ತಂಗಿಯದು. ಭಾನುವಾರ ಅಪ್ಪನಿಗೆ ರಜೆ, ಆದ್ದರಿಂದ ಮಕ್ಕಳಿಗೆ ರಜೆ ಇಲ್ಲ, ಕೈಗೆ ಸಿಕ್ಕವರದು. ಗ್ಲಾಸು ಒಡೆದದ್ದು ಯಾರೇ ಆಗಿರಲಿ, ನಲ್ಲಿ ನಿಲ್ಲಿಸಲು ಮರೆತದ್ದು ಯಾರೇ ಆಗಿರಲಿ, ಅಪ್ಪ "ಯಾರು ಮಾಡಿದ್ದು?" ಎಂದು ಕೇಳಿದಾಗ ಆ ದಿನದ ಪಾಳಿಯವರು ಎದ್ದು ನಿಂತು "ನಾನು" ಅನ್ನಬೇಕು. ಇಬ್ಬರೂ ಬಾಯಿ ಬಿಡದಿದ್ದರೆ ಅಪ್ಪ ಅಮ್ಮನ ಕಡೆ ತಿರುಗುತ್ತಿದ್ದ. ಅದು ಆಗಬಾರದು ಎಂದೇ ಈ ಏರ್ಪಾಡು.

ಪಾಳಿ ಹಾಕಿದ್ದು ತಂಗಿ. ಆಗ ಅವಳಿಗೆ ಎಂಟು ವರ್ಷ, ಅಣ್ಣನಿಗೆ ಹದಿನಾಲ್ಕು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಗೆರೆ ಎಳೆದು, ಯಾರಿಗೂ ಅನ್ಯಾಯವಾಗದಂತೆ ಹಂಚಿದ್ದಳು. ಅದಲು ಬದಲಿಗೂ ಅವಕಾಶ ಇತ್ತು. "ನಾಳೆ ನನಗೆ ಪರೀಕ್ಷೆ. ಇವತ್ತಿನದು ನೀನು ತಗೋ, ಮುಂದಿನ ವಾರ ನಿನ್ನವು ಎರಡು ನಾನು ತಗೋತೀನಿ" ಎನ್ನುತ್ತಿದ್ದಳು, ಸಂತೆಯಲ್ಲಿ ತರಕಾರಿಗೆ ಚೌಕಾಸಿ ಮಾಡುವವಳ ಗಾಂಭೀರ್ಯದಲ್ಲಿ. ಅಣ್ಣ ಅವಳಿಗೆ ಮ್ಯಾನೇಜರ್ ಎಂದು ಹೆಸರಿಟ್ಟ. ಅವಳು ಅವನಿಗೆ ಗೋಡೆ ಎಂದು ಹೆಸರಿಟ್ಟಳು. ಹತ್ತು ವರ್ಷ ಕಳೆದ ಮೇಲೆ ಮ್ಯಾನೇಜರ್ ಬಿಸಿನೆಸ್ ಡಿಗ್ರಿ ಓದುತ್ತೇನೆ ಎಂದಾಗ ಗೋಡೆಗೆ ಏನೂ ಆಶ್ಚರ್ಯವಾಗಲಿಲ್ಲ. ಅನುಭವ ಆಗಲೇ ಸಾಕಷ್ಟಿತ್ತು.

ಗೋಡೆ ಎಂಬ ಹೆಸರು ಅವನ ಮೈಕಟ್ಟಿಗೆ ಹೊಂದುತ್ತಿರಲಿಲ್ಲ. ಹಗ್ಗದ ಮೇಲೆ ಒಣಹಾಕಿದ ಅಂಗಿಯ ಹಾಗಿದ್ದ. ಹಳೆಯ ಕಟ್ಟಡ ಒಡೆಯುವ ಗುತ್ತಿಗೆಯ ತಂಡದಲ್ಲಿ ದಿನಗೂಲಿ. ಮೊದಲ ವಾರ ಅವನು ದೊಡ್ಡ ಸುತ್ತಿಗೆ ಎತ್ತಿದನೋ, ಸುತ್ತಿಗೆಯೇ ಅವನನ್ನು ಎತ್ತಿತೋ ಎಂದು ಜೊತೆಯವರು ಈಗಲೂ ವಾದ ಮಾಡುತ್ತಾರೆ. ಗಣಿತದಲ್ಲಿ ಎರಡು ಸಲ ಫೇಲಾದವನಿಗೆ ಬೇರೆ ಯಾರೂ ಕೆಂಪು ಹಾಸು ಹಾಕಿ ಕಾದಿರಲಿಲ್ಲ. ಐದು ವರ್ಷದಲ್ಲಿ ತೋಳಿಗೆ ಒಂದಿಷ್ಟು ಬುದ್ಧಿ ಬಂದಿತ್ತು. ತಲೆಗೆ ಬರುವುದು ಬಾಕಿ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಅಪ್ಪ ಬಸ್ ಡಿಪೋದ ಟೈರ್ ವಿಭಾಗದಲ್ಲಿದ್ದ. ಕುಡಿಯುತ್ತಿರಲಿಲ್ಲ, ಸಿಗರೇಟು ಮುಟ್ಟುತ್ತಿರಲಿಲ್ಲ. ಕುಡಿದಿದ್ದರೆ ಅಕ್ಕಪಕ್ಕದವರಿಗೆ ಹೇಳಲು ಒಂದು ನೆಪವಾದರೂ ಇರುತ್ತಿತ್ತು. ಹೊಡೆದಾದ ಮೇಲೆ ಹಿತ್ತಲ ನಲ್ಲಿಗೆ ಹೋಗಿ ಮೊಣಕೈವರೆಗೂ ಕೈ ತೊಳೆಯುತ್ತಿದ್ದ, ಟೈರ್ ಬಿಚ್ಚಿ ಬಂದವನ ಹಾಗೆ. ಅಮ್ಮ ಟವೆಲ್ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದಳು. ಒರೆಸಿಕೊಂಡು, ಟವೆಲ್ ವಾಪಸ್ ಕೊಟ್ಟು, "ಊಟ ಹಾಕು" ಅನ್ನುತ್ತಿದ್ದ. ಅಲ್ಲಿಗೆ ಮುಗಿಯಿತು.

ಆ ಗುರುವಾರ ಮ್ಯಾನೇಜರ್ ಎರಡು ಪತ್ರ ಮುಂದಿಟ್ಟುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಒಂದು ತಮ್ಮದೇ ರಾಜ್ಯದ ವಿಶ್ವವಿದ್ಯಾಲಯದ್ದು: ಬಸ್ಸಿನಲ್ಲಿ ನಲವತ್ತು ನಿಮಿಷ, ರಾಜ್ಯದ ಮಕ್ಕಳಿಗೆ ಫೀಸು ಕಡಿಮೆ, ಸಂಜೆ ಮನೆಗೆ ಬಂದು ಊಟ. ಇನ್ನೊಂದು ಹೊರರಾಜ್ಯದ್ದು: ರೈಲಿನಲ್ಲಿ ಒಂದು ರಾತ್ರಿ, ಮೇಲೆ ಅರ್ಧ ದಿನ, ಫೀಸು ಹೆಚ್ಚು, ಆದರೆ ಅವಳ ಅಂಕ ನೋಡಿ ಮುಕ್ಕಾಲು ಪಾಲು ಬಿಟ್ಟಿದ್ದರು, ಹಾಸ್ಟೆಲಿನಲ್ಲಿ ಮಂಚ, ಮೇಜು, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಯಾವುದಾದರೂ ಒಂದರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿ ಕಳಿಸಬೇಕು. ಒಂದನ್ನು ಒಪ್ಪಿದರೆ ಇನ್ನೊಂದು ಹೋಯಿತು.

ಅಪ್ಪ ತನ್ನ ಅಭಿಪ್ರಾಯವನ್ನು ಹಿಂದಿನ ವಾರವೇ ತಿಳಿಸಿದ್ದ. "ರಾಜ್ಯದ ಗಡಿ ದಾಟಿದರೆ ಕಾಲು ಮುರೀತೀನಿ."

ಗೋಡೆಯೂ ಹತ್ತಿರದ್ದೇ ಒಳ್ಳೆಯದು ಎಂಬ ಕಡೆಗಿದ್ದ. ಆದರೆ ಅವನು ವಿದ್ಯಾವಂತರ ಹಾಗೆ ಕಾರಣ ಕೊಟ್ಟ. "ನೋಡು, ಫೀಸು ಕಡಿಮೆ. ಇಲ್ಲಿ ಓದಿದವರಿಗೆ ಇಲ್ಲೇ ಕೆಲಸ ಕೊಡೋರು ಗುರುತಿರ್ತಾರೆ. ಆಮೇಲೆ ಹಾಸ್ಟೆಲ್ ಊಟ. ನನ್ನ ಜೊತೆ ಕೆಲಸ ಮಾಡೋನ ಅಕ್ಕನ ಮಗ ಹಾಸ್ಟೆಲ್ ಊಟ ತಿಂದು ಒಂದು ತಿಂಗಳು ಆಸ್ಪತ್ರೆಯಲ್ಲಿದ್ದ."

ಅವಳು ಪೆನ್ನಿನ ತುದಿ ಕಚ್ಚಿಕೊಂಡು ಪೂರ್ತಿ ಕೇಳಿದಳು. "ಗೋಡೆ, ಇದೆಲ್ಲ ಸರಿ. ಇದರಲ್ಲಿ ನಿನ್ನ ಕಾರಣ ಯಾವುದು?"

"ಅಂದ್ರೆ?"

"ಇವೆಲ್ಲ ಪೇಪರಲ್ಲಿ ಬರೋ ಕಾರಣ. ನಿನ್ನದು ಹೇಳು."

ಅವನು ಪಾತ್ರೆಗಳನ್ನು ನೋಡಿದ, ಕಿಟಕಿ ನೋಡಿದ. ಸುಳ್ಳು ಹೇಳಲು ಪ್ರಯತ್ನಪಟ್ಟ. ಆದರೆ ಪಾಳಿ ಹಾಕಿದವಳ ಹತ್ತಿರ ಸುಳ್ಳು ನಡೆಯುವುದಿಲ್ಲ. "ನೀನು ಹೋದ್ರೆ ವಾರದ ಆರು ದಿನಾನೂ ನನ್ನದೇ ಆಗುತ್ತೆ ಕಣೆ."

ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಇಪ್ಪತ್ತನಾಲ್ಕು ವರ್ಷದ ಗಂಡಸು, ದಿನವೂ ಕಟ್ಟಡ ಕೆಡವಿ ಬರುವವನು, ಏಟಿಗೆ ಹೆದರಿ ತಂಗಿಯ ಕಾಲೇಜು ಆರಿಸುತ್ತಿದ್ದಾನೆ. ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಗೋಡೆಗೆ ಅಲ್ಲೇ ನೆಲ ಅಗೆದು ಒಳಗೆ ಹೋಗೋಣ ಅನ್ನಿಸಿತು. ಹಾರೆ ಕೆಲಸದ ಜಾಗದಲ್ಲಿತ್ತು.

"ನಿನಗೆ ಯಾವುದು ಬೇಕು?" ಎಂದ.

"ಗೊತ್ತಿಲ್ಲ." ಅವಳು ಪತ್ರಗಳನ್ನು ಮಡಚಿದಳು. "ದೂರದ್ದಕ್ಕೆ ಅಪ್ಪ ಸಹಿ ಹಾಕಲ್ಲ. ಅಷ್ಟಕ್ಕೇ ಮುಗೀತಲ್ಲ."

"ಸಹಿ ನಾನು ತರ್ತೀನಿ."

"ಹೇಗೆ?"

"ಕೇಳ್ತೀನಿ."

"ಅಪ್ಪನ್ನ? ಕೇಳೋದಾ?" ಎಂದು ಅವಳು ಅವನ ಹಣೆ ಮುಟ್ಟಿ ನೋಡಿದಳು, ಜ್ವರ ಇದೆಯೇನೋ ಎಂದು.

ಶುಕ್ರವಾರ ಅವರು ಒಂದು ಹಳೆಯ ಲಾಡ್ಜ್ ಒಡೆಯುತ್ತಿದ್ದರು. ಬಾಗಿಲು ಕಿಟಕಿ ಮೊದಲೇ ಕಿತ್ತು ಮಾರಿಯಾಗಿತ್ತು. ಎರಡನೇ ಮಹಡಿಯ ಕೋಣೆಗಳ ನಡುವಿನ ಗೋಡೆಗಳು ಉಳಿದಿದ್ದವು. ಕೆಲಸದ ಕ್ರಮ ಎಲ್ಲರಿಗೂ ಗೊತ್ತಿತ್ತು: ಮೇಲಿನ ಸಾಲಿನಿಂದ ಶುರು, ಒಂದೊಂದೇ ಸಾಲು ಕೆಳಗೆ. ಗೋಡೆಯ ಬುಡಕ್ಕೆ ಹೊಡೆದರೆ ಬೇಗ ಬೀಳುತ್ತದೆ, ಆದರೆ ಯಾರ ಮೇಲೆ ಎಂದು ಹೇಳಲಾಗದು.

ಗೋಡೆ ಬುಡಕ್ಕೇ ಹೊಡೆದ. ಏಕೆಂದು ಅವನಿಗೂ ತಿಳಿಯಲಿಲ್ಲ. ಸುತ್ತಿಗೆ ಎತ್ತಿದಾಗಲೆಲ್ಲ ಅಪ್ಪನ ಎದುರು ನಿಂತು ಸಹಿ ಕೇಳುವ ಮಾತನ್ನು ಜೋಡಿಸುತ್ತಿದ್ದ. ಪ್ರತಿ ಸಲವೂ ಅಪ್ಪ ಇಲ್ಲ ಅನ್ನುತ್ತಿದ್ದ. ಪ್ರತಿ ಸಲವೂ ಸುತ್ತಿಗೆ ಇನ್ನಷ್ಟು ಕೆಳಗೆ ಬೀಳುತ್ತಿತ್ತು. ನಾಲ್ಕನೇ ಏಟಿಗೆ ಇಟ್ಟಿಗೆ ಗೋಡೆ ಹೊಟ್ಟೆ ಮುಂದೆ ಮಾಡಿ ಕುಸಿಯಿತು. ಆಚೆ ಕಸ ಬಾಚುತ್ತಿದ್ದವನು ಪಕ್ಕಕ್ಕೆ ಹಾರಿದ. ಆದರೂ ಒಂದು ತುಂಡು ಕಾಲಿನ ಮೇಲೆ ಬಿದ್ದು ಹೆಬ್ಬೆರಳಿನ ಉಗುರು ಹಾರಿಹೋಯಿತು.

ಮೇಸ್ತ್ರಿ ಧೂಳಿನಲ್ಲೇ ಬಂದು ಗೋಡೆಯ ಕೆನ್ನೆಗೆ ಬಿಟ್ಟ. "ಮದುವೆ ಆಗಿಲ್ಲ, ಮಕ್ಕಳಿಲ್ಲ. ನಿನಗ್ಯಾಕೋ ಇಷ್ಟು ಸಿಟ್ಟು?"

"ತಪ್ಪಾಯ್ತು ಮೇಸ್ತ್ರಿ."

"ತಪ್ಪಲ್ಲ ಅದು. ಕೊಲೆ ಆಗ್ತಿತ್ತು. ಮನೆಗೆ ಹೋಗು. ತಲೆ ಮೇಲೆ ನೀರು ಹುಯ್ಕೊ."

ಮೇಸ್ತ್ರಿಯ ಏಟಿನಿಂದ ಅವನಿಗೆ ನೋವಾಗಲಿಲ್ಲ. ಏಟಿನ ವಿಷಯದಲ್ಲಿ ಅವನು ಬಹಳ ಅನುಕೂಲಸ್ಥರ ಮನೆಯವನು. ಹೊರಗಿನವರು ಕೊಟ್ಟದ್ದು ಲೆಕ್ಕಕ್ಕೆ ಬರುತ್ತಿರಲಿಲ್ಲ.

ಅಪ್ಪ ಆರು ಗಂಟೆಗೆ ಬಂದ. ಚಹಾ ಕುಡಿಯುವವರೆಗೆ ಕಾದು ಗೋಡೆ ಹೊರರಾಜ್ಯದ ಒಪ್ಪಿಗೆ ಪತ್ರವನ್ನು ಪೆನ್ನಿನ ಸಮೇತ ಮುಂದಿಟ್ಟ. "ಅಪ್ಪ, ಇದಕ್ಕೊಂದು ಸಹಿ ಬೇಕು."

ಅಪ್ಪ ಓದಿದ. ಎರಡು ತುಂಡು ಮಾಡಿದ. "ಯಾರು ತುಂಬಿಸಿದ್ದು ಇದನ್ನ?"

"ನಾನು."

ಏಟು ಕಿವಿಯ ಮೇಲೆ ಬಿತ್ತು. ಗೋಡೆ ಒಳಗೆ ಹೋಗಿ ಇನ್ನೊಂದು ಪ್ರತಿ ತಂದಿಟ್ಟ. ಮ್ಯಾನೇಜರ್ ಮೂರು ಪ್ರತಿ ತೆಗೆಸಿದ್ದಳು. ಅಪ್ಪ ಅದನ್ನು ಹರಿಯಲಿಲ್ಲ. ಸುಮ್ಮನೆ ಎದ್ದ, ಅವನನ್ನು ದಾಟಿಕೊಂಡು ಹೋಗಿ, ಬಾಗಿಲ ಹತ್ತಿರ ನಿಂತಿದ್ದ ಮಗಳ ಜಡೆ ಹಿಡಿದ. "ಅವನಿಗೆ ಇಂಗ್ಲಿಷ್ ಓದಕ್ಕೆ ಬರಲ್ಲ. ಅವನು ತುಂಬಿಸಿದ್ದಾ?" ಎನ್ನುತ್ತ ಅವಳ ತಲೆಯನ್ನು ಕಬ್ಬಿಣದ ಬೀರುವಿಗೆ ಗುದ್ದಿದ. ಒಂದು ಸಲ. ಬೀರು ಇಡೀ ಮನೆಗೆ ಕೇಳುವಂತೆ ಸದ್ದು ಮಾಡಿತು. ಎರಡನೇ ಸಲಕ್ಕೆ ಜಡೆಯನ್ನು ಹಿಂದಕ್ಕೆ ಎಳೆದ. ತಲೆ ಮತ್ತೆ ಬೀರುವಿಗೆ ತಾಗುವ ಮೊದಲೇ ಗೋಡೆಯ ಮುಷ್ಟಿ ಅಪ್ಪನ ದವಡೆಗೆ ಬಿದ್ದಿತ್ತು.

ಹೊಡೆಯುವುದು ಇಷ್ಟು ಸುಲಭ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಬಲ ಹಿಮ್ಮಡಿಯಿಂದ ಶುರುವಾಗಿ ಸೊಂಟ ತಿರುಗಿಸಿ ಭುಜಕ್ಕೆ ಬಂತು, ಎಲ್ಲ ಮೇಸ್ತ್ರಿ ಕೂಲಿ ಕೊಟ್ಟು ಕಲಿಸಿದ್ದು. ಅಪ್ಪ ಹಿಂದಿದ್ದ ಕುರ್ಚಿಯನ್ನೂ ಉರುಳಿಸಿಕೊಂಡು ಬಿದ್ದ. ಗೋಡೆ ಅವನ ಎದೆಯ ಮೇಲೆ ಮಂಡಿಯೂರಿ, ಕಾಗದವನ್ನು ಪಕ್ಕಕ್ಕೆ ಎಳೆದುಕೊಂಡು, ಪೆನ್ನು ಅವನ ಬೆರಳುಗಳ ನಡುವೆ ತುರುಕಿದ. "ಸಹಿ ಹಾಕು."

"ಹಾಕಲ್ಲ."

ಮೂಗಿಗೆ ಒಂದು. "ಹಾಕು."

"ಹಾಕಲ್ಲ."

ಪಕ್ಕೆಗೆ ಒಂದು, ಇನ್ನೊಂದು. ಮೂಗಿನ ರಕ್ತ ಎರಡನೇ ಪ್ರತಿಯ ಮೇಲೆಲ್ಲ ಬಿದ್ದು ಆ ಕಾಗದ ಆಗಲೇ ಯಾವ ವಿಶ್ವವಿದ್ಯಾಲಯಕ್ಕೂ ಬೇಡವಾಗಿತ್ತು. ಗೋಡೆ ಅದನ್ನು ನೋಡಿದ, ಆದರೂ ನಿಲ್ಲಿಸಲಿಲ್ಲ. ಈಗ ಸಹಿಯ ವಿಷಯ ಅವನಿಗೆ ಮರೆತೇಹೋಗಿತ್ತು. ಮೈ ಹಗುರವಾಗಿತ್ತು. ಎಲ್ಲೋ ಮ್ಯಾನೇಜರ್ "ಸಾಕು, ಸಾಕು ಅಣ್ಣ" ಎನ್ನುತ್ತಿದ್ದಳು. ಯಾರೋ ಹಿಂದಿನಿಂದ ತೋಳು ಜಗ್ಗಿದರು. ಮೊಣಕೈಯಿಂದ ಅವರನ್ನು ಆಚೆ ತಳ್ಳಿದ. ಅಪ್ಪ ಕೈ ಎರಡೂ ಮುಖಕ್ಕೆ ಅಡ್ಡ ಹಿಡಿದು, ಮೊಣಕಾಲು ಮಡಚಿ, ಶಾಲೆಯ ಹುಡುಗನ ಹಾಗೆ ಮುದುಡಿಕೊಂಡಾಗ ಮಾತ್ರ ನಿಲ್ಲಿಸಿದ.

ಆಮೇಲೆ ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿ ಕೈ ತೊಳೆದ, ಮೊಣಕೈವರೆಗೂ. ಪಕ್ಕಕ್ಕೆ ಕೈ ಚಾಚಿದ. ಟವೆಲ್ ಬಂತು. ಒರೆಸಿಕೊಂಡು ವಾಪಸ್ ಕೊಡುವಾಗ ಅಮ್ಮನ ಮುಖ ನೋಡಿದ. ಕೆಳತುಟಿ ಒಡೆದು ಊದಿತ್ತು.

"ತುಟಿಗೆ ಏನಾಯ್ತಮ್ಮ?"

"ನಿನ್ನ ಮೊಣಕೈ ತಾಗ್ತು," ಎಂದಳು ಅಮ್ಮ, ಹಾಲು ಉಕ್ಕಿತು ಎನ್ನುವ ಧಾಟಿಯಲ್ಲಿ.

ಅವನು ತಪ್ಪಾಯ್ತು ಅನ್ನಬೇಕಿತ್ತು. ಮೇಸ್ತ್ರಿಗಾದರೆ ಕೇಳದೆಯೇ ಅಂದಿದ್ದ. ಆದರೆ ಅಡುಗೆಮನೆಗೆ ಹೋಗಿ, ಹಣೆಗೆ ಒದ್ದೆ ಬಟ್ಟೆ ಒತ್ತಿ ಕೂತಿದ್ದ ತಂಗಿಯ ಎದುರು ನಿಂತು, "ಇನ್ನು ಹೆದರಬೇಡ. ನೀನು ಇಲ್ಲೇ ಓದು. ಈ ಮನೇಲಿ ಇನ್ನು ಯಾರೂ ಉಸಿರೆತ್ತಲ್ಲ. ನಾನು ನೋಡ್ಕೋತೀನಿ" ಎಂದ.

ಅವಳು ಅವನ ಕೈಗಳನ್ನು ನೋಡುತ್ತಿದ್ದಳು.

ಶನಿವಾರ ಬೆಳಿಗ್ಗೆ ಅಪ್ಪ ಡಿಪೋಗೆ ಹೋಗಲಿಲ್ಲ. ಒಳಕೋಣೆಯಲ್ಲಿ ಆಚೆ ತಿರುಗಿ ಮಲಗಿದ್ದ. ಮ್ಯಾನೇಜರ್ ಸ್ನಾನ ಮಾಡಿ, ಹಣೆಯ ಬಾವಿನ ಮೇಲೆ ಕೂದಲು ಇಳಿಬಿಟ್ಟು, ಎರಡು ಪತ್ರಗಳನ್ನು ಮುಂದಿಟ್ಟುಕೊಂಡಿದ್ದಳು: ಹತ್ತಿರದ್ದು, ಮತ್ತು ದೂರದ್ದರ ಕೊನೆಯ ಪ್ರತಿ. ಗಂಟೆ ಹತ್ತಾಗಿತ್ತು.

"ಅಪ್ಪನ ಸಹಿ ನಾನೇ ಹಾಕಿಬಿಡ್ತೀನಿ," ಎಂದ ಗೋಡೆ. "ರಿಪೋರ್ಟ್ ಕಾರ್ಡಿಗೆ ಎಷ್ಟು ಸಲ ಹಾಕಿಲ್ಲ."

"ಬೇಡ."

ಅಮ್ಮ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ಪತ್ರ ಎತ್ತಿಕೊಂಡು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಕೆಳಗಿನವರೆಗೂ ಓದಿದಳು. ಅವಳ ಇಂಗ್ಲಿಷ್ ಏಳನೇ ಕ್ಲಾಸಿನದು. "ಇಲ್ಲಿ ತಂದೆ ಅಥವಾ ತಾಯಿ ಅಂತ ಇದೆಯಲ್ಲ," ಎಂದಳು.

ಮ್ಯಾನೇಜರ್ ಪತ್ರ ಕಿತ್ತುಕೊಂಡು ನೋಡಿದಳು. ಇತ್ತು. ಎರಡರಲ್ಲೂ ಇತ್ತು. ಪತ್ರ ತುಂಬಿಸಿದ್ದು ಅವಳೇ. ಮೂರು ಪ್ರತಿ ತೆಗೆಸುವಾಗ ಮೂರು ಸಲ ಓದಿದ್ದಳು. ಆ ಮನೆಯಲ್ಲಿ ಯಾರ ಕಣ್ಣೂ ತಂದೆ ಎಂಬ ಪದ ದಾಟಿ ಮುಂದಕ್ಕೆ ಹೋಗುತ್ತಿರಲಿಲ್ಲ. ಗೋಡೆಗೆ ನಿನ್ನೆಯ ಒಂದೊಂದು ಏಟೂ ನೆನಪಾಯಿತು. ಅದರಲ್ಲಿ ಒಂದೂ ಸಹಿಗೆ ಬೇಕಾಗಿರಲಿಲ್ಲ.

"ನೀನ್ಯಾಕೆ ಹೇಳಲಿಲ್ಲ?" ಎಂದ.

"ನನ್ನ ಯಾರು ಕೇಳಿದ್ರು?" ಅಮ್ಮ ಪೆನ್ನಿನ ಮುಚ್ಚಳ ತೆಗೆದಳು. ಮಗನ ಕಡೆ ನೋಡದೆ ಮಗಳನ್ನು ಕೇಳಿದಳು, "ಯಾವುದಕ್ಕೆ ಹಾಕ್ಲಿ?"

"ದೂರದ್ದಕ್ಕೆ."

"ಇನ್ನೂ ಯಾಕೆ ದೂರ?" ಎಂದ ಗೋಡೆ. "ಹೆದರಿಕೆ ಮುಗೀತಲ್ಲ. ಅಪ್ಪ ಇನ್ನು ಕೈ ಎತ್ತಲ್ಲ. ನಾಳೆಯಿಂದ ಪಾಳಿನೂ ಬೇಡ."

"ಗುರುವಾರ ನೀನು ಆರು ದಿನದ ಮಾತು ಹೇಳಿದೆಯಲ್ಲ," ಎಂದಳು ಅವಳು, ಮೆಲ್ಲಗೆ. "ಅವತ್ತೇ ಹತ್ತಿರದ್ದು ಅಂತ ತೀರ್ಮಾನ ಮಾಡಿದ್ದೆ. ನಿನ್ನೊಬ್ಬನ್ನೇ ಬಿಟ್ಟು ಹೋಗೋದು ಸರಿ ಅನ್ನಿಸಲಿಲ್ಲ. ನೀನು ಸಹಿ ಕೇಳ್ತೀನಿ ಅಂದಾಗ, ಸುಮ್ನೆ ಕೇಳಿ ಬಯ್ಸಿಕೊಂಡು ಬರ್ತೀಯ ಅಂದ್ಕೊಂಡೆ."

"ಮತ್ತೆ?"

"ಅಪ್ಪ ಮುದುರಿಕೊಂಡ ಮೇಲೂ ನೀನು ಎರಡು ಹೊಡೆದೆ. ನಾನು ಎಣಿಸ್ತಾ ಇದ್ದೆ."

ತಾನು ಆಗಲೇ ನಿಲ್ಲಿಸಿದೆ ಎಂದು ಗೋಡೆ ನಂಬಿದ್ದ. ವಾದ ಮಾಡಲು ಬಾಯಿ ತೆರೆದ. ಅವಳು ಎಣಿಕೆಯಲ್ಲಿ ತಪ್ಪುವವಳಲ್ಲ.

ಅಮ್ಮ ಸಹಿ ಹಾಕಿದಳು. ಯಾವುದಕ್ಕೂ ಸಹಿ ಹಾಕಿ ಅಭ್ಯಾಸವಿಲ್ಲದ ಕೈ. ಹೆಸರು ಗೆರೆಯಿಂದ ಆಚೆಗೂ ಸ್ವಲ್ಪ ಹೋಯಿತು. ಮ್ಯಾನೇಜರ್ ಶಾಯಿ ಆರಲು ಊದಿದಳು, ಕಾಗದವನ್ನು ಫೈಲಿಗೆ ಸೇರಿಸಿ ಚಪ್ಪಲಿ ಮೆಟ್ಟಿದಳು. ಸ್ಕ್ಯಾನ್ ಮಾಡಿ ಕಳಿಸುವ ಅಂಗಡಿ ಬೀದಿಯ ಕೊನೆಯಲ್ಲಿತ್ತು.

"ನಾನೂ ಬರ್ತೀನಿ," ಎಂದು ಗೋಡೆ ಮೆಟ್ಟಿಲವರೆಗೆ ಹೋದ.

"ಬೇಡ, ಅಮ್ಮನ ಹತ್ತಿರ ಇರು." ಅವಳು ಎರಡು ಮೆಟ್ಟಿಲು ಇಳಿದು ತಿರುಗಿದಳು. "ಅವಳನ್ನ ಹೊಡೀಬೇಡ."

ಅವನು ನಗಲು ನೋಡಿದ. ಇಂಥ ಕಡೆ ಹೇಳಲು ಅವನ ಹತ್ತಿರ ಯಾವಾಗಲೂ ಏನಾದರೊಂದು ಇರುತ್ತಿತ್ತು. ಅವಳು ನಗದೆ, ಫೈಲು ಎದೆಗವುಚಿಕೊಂಡು, ಉತ್ತರಕ್ಕೆ ಕಾಯುತ್ತ ನಿಂತಿದ್ದಳು. ಹನ್ನೆರಡಕ್ಕೆ ಇನ್ನು ಒಂದೂವರೆ ಗಂಟೆಯೂ ಉಳಿದಿರಲಿಲ್ಲ; ಆದರೂ ನಿಂತಿದ್ದಳು.

"ಇಲ್ಲ," ಎಂದ.

ಅವಳು ಕದಲಲಿಲ್ಲ.

"ಹೊಡೆಯಲ್ಲ ಕಣೆ. ಹೋಗು, ಹೊತ್ತಾಗುತ್ತೆ."

ಆಮೇಲೆ ಹೋದಳು.